ನಮ್ಮನ್ನು ಕಳಿಸಿದಿರಿ, ತಲುಪಿದೆವೇ ಎಂದು ವಿಚಾರಿಸಲಿಲ್ಲ

ಮಕ್ಕಳ ಆಸ್ಪತ್ರೆಗಳ ಮುಖ್ಯಸ್ಥರಿಗೆ ಮತ್ತು ದೊಡ್ಡವರ ಆಸ್ಪತ್ರೆಗಳ ವಿಭಾಗ ಮುಖ್ಯಸ್ಥರಿಗೆ,

ವಿಷಯ: ಹುಟ್ಟಿನಿಂದಲೇ ಕಾಯಿಲೆ ಇರುವ ಮಕ್ಕಳು ಹದಿನೆಂಟು ದಾಟಿದ ಮೇಲೆ ಅವರ ಚಿಕಿತ್ಸೆ ನಡುವೆ ಕಡಿದುಹೋಗುತ್ತಿರುವ ಬಗ್ಗೆ.

ಮಾನ್ಯರೇ,

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೇರೆ ಬೇರೆ ಬರೆದರೆ, ಇದು ಆ ಕಡೆಯವರ ಕೆಲಸ ಎಂದು ಈ ಕಡೆಯವರೂ ಈ ಕಡೆಯವರದ್ದು ಎಂದು ಆ ಕಡೆಯವರೂ ಪಕ್ಕಕ್ಕಿಟ್ಟುಬಿಡಬಹುದು. ನನ್ನ ಫೈಲಿಗೆ ಆದದ್ದೂ ಅದೇ.

ನನಗೀಗ 27 ವರ್ಷ. ಹುಟ್ಟುವಾಗಲೇ ನನ್ನ ಹೃದಯದ ಜೋಡಣೆ ಸರಿಯಿರಲಿಲ್ಲ. ಅತ್ತರೆ ತುಟಿ, ಉಗುರು ನೀಲಿಗಟ್ಟುತ್ತಿದ್ದವಂತೆ. 14 ತಿಂಗಳ ಕೂಸಾಗಿದ್ದಾಗ ಎದೆ ತೆರೆದು ಸರಿಪಡಿಸಿದರು. ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮಹಾಪಧಮನಿ ಸರಿಯಾಗಿ ಆ ತೂತಿನ ಮೇಲೆಯೇ ಕೂತಿರುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ರಕ್ತವನ್ನು ತಳ್ಳಿ ತಳ್ಳಿ ಬಲಗಡೆ ಕೋಣೆಯ ಗೋಡೆ ದಪ್ಪಗಾಗಿರುತ್ತದೆ. ಇಷ್ಟನ್ನೂ ಈಗ ಒಂದೇ ಉಸಿರಿಗೆ ಹೇಳಬಲ್ಲೆ. ಆದರೆ 24ನೇ ವಯಸ್ಸಿನವರೆಗೆ ನನಗೆ ಇದರ ಹೆಸರೇ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು 'ತೂತು' ಎನ್ನುತ್ತಿದ್ದರು. ತೂತು ಮುಚ್ಚಿದ್ದಾರೆ ಎಂದ ಮೇಲೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ದೂರು ಹೇಳುವ ಮೊದಲು ಋಣ ಹೇಳಬೇಕು. ಮಕ್ಕಳ ಆಸ್ಪತ್ರೆಯಲ್ಲಿ ನನ್ನನ್ನು ನೋಡಿಕೊಂಡವರು ನನ್ನ ಜೀವ ಉಳಿಸಿದವರು. ಆ ಒಪಿಡಿಯ ಗೋಡೆಯ ಮೇಲೆ ಎತ್ತರ ಅಳೆಯುವ ಜಿರಾಫೆಯ ಚಿತ್ರವಿತ್ತು. ಪ್ರತಿ ಸಲ ಹೋದಾಗಲೂ ಅದರ ಕುತ್ತಿಗೆಯ ಮೇಲೆ ನಾನು ಎಲ್ಲಿಯವರೆಗೆ ಬಂದಿದ್ದೇನೆ ಎಂದು ಸಿಸ್ಟರ್ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಡಾಕ್ಟರು ಸ್ಟೆತಸ್ಕೋಪನ್ನು ಮೊದಲು ತಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ನನ್ನ ಎದೆಗಿಡುತ್ತಿದ್ದರು. ಆಮೇಲೆ ಅಮ್ಮನ ಕಡೆ ತಿರುಗಿ ಮಾತಾಡುತ್ತಿದ್ದರು. 'ಅಮ್ಮನ ಕಡೆ ತಿರುಗಿ' ಎಂಬುದು ಚಿಕ್ಕ ಮಾತಿನಂತೆ ಕಾಣಬಹುದು, ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗೆ 6 ವರ್ಷವಾಗಿದ್ದಾಗಲೂ ಹಾಗೆಯೇ, 12ರಲ್ಲೂ ಹಾಗೆಯೇ, 17ರಲ್ಲೂ ಹಾಗೆಯೇ. ಹದಿನೇಳು ವರ್ಷ ನನ್ನ ಹೃದಯದ ಮಾತುಕತೆಯೆಲ್ಲ ನನ್ನ ತಲೆಯ ಮೇಲಿಂದ ನಡೆಯಿತು.

ಕೊನೆಯ ಭೇಟಿ ಹೇಗಿತ್ತು ಎಂದು ಹೇಳುತ್ತೇನೆ. ಹೊಸ ಡಾಕ್ಟರು ಇದ್ದರು. ಫೈಲಿನ ಮೊದಲ ಪುಟ ನೋಡಿ, ಹುಟ್ಟಿದ ತಾರೀಕು ನೋಡಿ, "ಹದಿನೆಂಟಾಯ್ತಲ್ಲ, ಇನ್ನು ಇಲ್ಲಿ ನೋಡೋಕಾಗಲ್ಲ. ದೊಡ್ಡವರ ಕಾರ್ಡಿಯಾಲಜಿಗೆ ತೋರಿಸಿ" ಅಂದರು. ಅರ್ಧ ಹಾಳೆಯ ಚೀಟಿ ಬರೆದುಕೊಟ್ಟರು. ಅದರಲ್ಲಿ ಮೂರು ಇಂಗ್ಲಿಷ್ ಅಕ್ಷರ, ಒಂದು ಇಸವಿ, ಒಂದು ಸಹಿ. ಫೈಲು ಕೊಡಿ ಎಂದು ಅಮ್ಮ ಕೇಳಿದಾಗ ಅದು ಆಸ್ಪತ್ರೆಯ ಸ್ವತ್ತು, ಕೊಡಲು ಬರುವುದಿಲ್ಲ ಎಂದರು. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದಪ್ಪದ ಫೈಲು ಅದು, ಅಂಚು ಸವೆದು ದಾರ ಕಟ್ಟಿದ್ದು. ನಾವು ಹೊರಗೆ ಬಂದೆವು, ಅದು ಒಳಗೆ ಉಳಿಯಿತು.

ದೊಡ್ಡವರ ಆಸ್ಪತ್ರೆಗೆ ಹೋಗಲು ಐದು ತಿಂಗಳು ತಡವಾಯಿತು. ಪರೀಕ್ಷೆ, ಕಾಲೇಜು, ಜೊತೆಗೆ ನನಗೇನೂ ಆಗಿಲ್ಲವಲ್ಲ ಎಂಬ ಧೈರ್ಯ. ಹೋದಾಗ ಕಾಯುವ ಹಾಲಿನಲ್ಲಿ ನನ್ನ ಅಜ್ಜನ ವಯಸ್ಸಿನವರೇ ತುಂಬಿದ್ದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಯಾರಿಗಮ್ಮಾ ತೋರಿಸೋದು?" ಎಂದು ಕೇಳಿದರು. ನನಗೇ ಎಂದಾಗ ಅವರು ನನ್ನನ್ನು ನೋಡಿದ ರೀತಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಳಗೆ ಡಾಕ್ಟರು ಎದೆಯ ನಡುವಿನ ಗಾಯದ ಗುರುತು ನೋಡಿ, "ಬೈಪಾಸ್ ಯಾವಾಗ ಆಯ್ತು?" ಎಂದರು. ಅಮ್ಮನನ್ನು ಹೊರಗೆ ಕೂರಲು ಹೇಳಿದ್ದರು. ಬಾಗಿಲ ಕಡೆ ನೋಡಿದೆ. "ತೂತಿತ್ತು, ಮುಚ್ಚಿದ್ದಾರೆ" ಎಂದೆ. ಇಸಿಜಿ ತೆಗೆಸಿ ಗಾಬರಿಯಾದರು. ಬಲಗಡೆಯ ವಿದ್ಯುತ್ ದಾರಿಯಲ್ಲಿ ತಡೆ ಇದೆ ಎಂದರು. ಈ ಆಪರೇಷನ್ ಆದ ಬಹುಪಾಲು ಜನರ ಇಸಿಜಿಯಲ್ಲಿ ಆ ಗುರುತು ಇದ್ದೇ ಇರುತ್ತದೆ ಎಂದು ಆ ದಿನ ಆ ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ. ಹಳೆಯ ಇಸಿಜಿ ಇದ್ದಿದ್ದರೆ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು. ಅದು ಆ ಫೈಲಿನಲ್ಲಿತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ, "ಸ್ವಲ್ಪ ಸೋರಿಕೆ ಇದೆ, ಪರವಾಗಿಲ್ಲ, ತೊಂದರೆ ಆದರೆ ಬನ್ನಿ" ಎಂದು ಕಳಿಸಿದರು.

ಆ ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ದಿನವಿಡೀ ರಕ್ತನಾಳ ಕಟ್ಟಿಕೊಂಡವರನ್ನು ನೋಡುವ ಕಣ್ಣು ಅದು. ಗೊತ್ತಿಲ್ಲದ್ದನ್ನು ತಿಳಿಸಬೇಕಾದವರು ತಿಳಿಸಿರಲಿಲ್ಲ, ಅಷ್ಟೆ. ಆದರೆ 'ತೊಂದರೆ ಆದರೆ ಬನ್ನಿ' ಎಂಬ ಮಾತು ನಮ್ಮಂಥವರಿಗೆ ಹೇಳಬಾರದ ಮಾತು. ಏಕೆ ಎಂದು ಹೇಳುತ್ತೇನೆ.

ಚಿಕ್ಕಂದಿನಲ್ಲಿ ಇಕ್ಕಟ್ಟಾದ ದಾರಿಯನ್ನು ಅಗಲ ಮಾಡಿ ತೇಪೆ ಹಚ್ಚುವಾಗ ಅಲ್ಲಿನ ಕವಾಟ ಹಲವು ಸಲ ಉಳಿಯುವುದಿಲ್ಲ. ಶ್ವಾಸಕೋಶಕ್ಕೆ ಹೋದ ರಕ್ತದಲ್ಲಿ ಒಂದು ಪಾಲು ಪ್ರತಿ ಬಡಿತಕ್ಕೂ ವಾಪಸು ಬಲಗೋಣೆಗೆ ಬೀಳುತ್ತದೆ. ಮಗುವಿನ ಜೀವ ಉಳಿಸಲು ತೆರಬೇಕಾದ ಬೆಲೆ ಅದು, ಯಾರ ತಪ್ಪೂ ಅಲ್ಲ. ಬಲಗೋಣೆ ಅದನ್ನು ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ಸಹಿಸಿಕೊಳ್ಳುತ್ತದೆ. ನಿಧಾನವಾಗಿ ಹಿಗ್ಗುತ್ತದೆ. ಮೆಟ್ಟಿಲು ಹತ್ತುವಾಗ ಏನೂ ಅನ್ನಿಸುವುದಿಲ್ಲ, ಓಡಿದರೂ ಅನ್ನಿಸುವುದಿಲ್ಲ. ಅನ್ನಿಸುವ ಹೊತ್ತಿಗೆ ತಡವಾಗಿರಬಹುದು. ಅದಕ್ಕೇ ಏನೂ ತೊಂದರೆ ಇಲ್ಲದಿದ್ದರೂ ಆಗಾಗ ಎಂಆರ್‌ಐ ಮಾಡಿ ಬಲಗೋಣೆಯ ಗಾತ್ರ ಅಳೆಯಬೇಕು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 160 ಮಿಲಿಲೀಟರ್ ಮುಟ್ಟಿದರೆ, ಲಕ್ಷಣ ಇರಲಿ ಬಿಡಲಿ, ಹೊಸ ಕವಾಟ ಹಾಕುವ ಬಗ್ಗೆ ಯೋಚಿಸಬೇಕು ಎಂದು ಯೂರೋಪಿನ ಹೃದ್ರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಇದು ನಿಮಗೆ ಗೊತ್ತಿರುವ ವಿಷಯ. ನಮಗೆ ಗೊತ್ತಿರಲಿಲ್ಲ ಎಂಬುದಷ್ಟೇ ನನ್ನ ದೂರು.

ಆರು ವರ್ಷ ನಾನು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಯಾರೂ ಕರೆಯಲಿಲ್ಲ, ಫೋನು ಬರಲಿಲ್ಲ. 24ರಲ್ಲಿ ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ಎದೆ ಇದ್ದಕ್ಕಿದ್ದಂತೆ ದಡದಡ ಹೊಡೆದುಕೊಳ್ಳಲು ಶುರುವಾಗಿ ನಿಲ್ಲಲೇ ಇಲ್ಲ. ಕಣ್ಣು ಕತ್ತಲಿಟ್ಟು ಕುರ್ಚಿಯಿಂದ ಜಾರಿದೆ. ಅದೃಷ್ಟಕ್ಕೆ, ಕರೆದುಕೊಂಡು ಹೋದ ಕಡೆ ಹುಟ್ಟು ಹೃದ್ರೋಗ ಇರುವ ದೊಡ್ಡವರನ್ನೇ ನೋಡುವ ಒಬ್ಬ ಡಾಕ್ಟರಿದ್ದರು. ಎಂಆರ್‌ಐಯಲ್ಲಿ ಅಳತೆ ಆ 160ನ್ನು ಯಾವಾಗಲೋ ದಾಟಿಹೋಗಿತ್ತು. ಮರುವರ್ಷ ಎರಡನೇ ಸಲ ಎದೆ ತೆರೆದು ಕವಾಟ ಹಾಕಿದರು. ಒಂದೆರಡು ವರ್ಷ ಮೊದಲೇ ಬಂದಿದ್ದರೆ ಬಲಗೋಣೆ ಮೊದಲಿನ ಗಾತ್ರಕ್ಕೆ ಮರಳುವ ಸಾಧ್ಯತೆ ಹೆಚ್ಚಿತ್ತು ಎಂದು ಆ ಡಾಕ್ಟರು ನಿಧಾನಕ್ಕೆ ಹೇಳಿದರು. "ಇಷ್ಟು ವರ್ಷ ಎಲ್ಲಿದ್ರಿ?" ಎಂದೂ ಕೇಳಿದರು. ಎಲ್ಲಿದ್ದೆ? ಅರ್ಧ ಹಾಳೆಯ ಚೀಟಿ ಹಿಡಿದುಕೊಂಡು ನಿಮ್ಮಿಬ್ಬರ ಕಟ್ಟಡಗಳ ನಡುವೆ ಇದ್ದೆ.

ನನ್ನದು ಒಂಟಿ ಕಥೆಯಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆಯಿಂದ ಹೊರಬಂದ, ಜಟಿಲವಾದ ಹುಟ್ಟು ಹೃದ್ರೋಗವಿದ್ದ, 19ರಿಂದ 21 ವಯಸ್ಸಿನ 360 ಮಂದಿಯನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ದೊಡ್ಡವರ ವಿಶೇಷ ಕೇಂದ್ರವನ್ನು ತಲುಪಿದವರು ಶೇ. 47 ಮಾತ್ರ. ಶೇ. 27 ಮಂದಿ ಹದಿನೆಂಟರ ನಂತರ ಒಮ್ಮೆಯೂ ಹೃದಯದ ಡಾಕ್ಟರನ್ನು ಕಂಡಿರಲಿಲ್ಲ. ಅದೇ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ 643 ಮಂದಿಯ ದಾಖಲೆ ತಿರುವಿ ಹಾಕಿದ 2009ರ ಇನ್ನೊಂದು ಅಧ್ಯಯನ ಇದು ಹಂತಹಂತವಾಗಿ ಆಗುವುದನ್ನು ತೋರಿಸಿತು: ಆರನೇ ಹುಟ್ಟುಹಬ್ಬದ ನಂತರ ಹೃದಯದ ಫಾಲೋಅಪ್ ಇಲ್ಲದವರು ಶೇ. 28, ಹದಿಮೂರರ ನಂತರ ಶೇ. 47, ಹದಿನೆಂಟರ ನಂತರ ಶೇ. 61. ಎಲ್ಲರಿಗೂ ಸರ್ಕಾರವೇ ಚಿಕಿತ್ಸೆಯ ಖರ್ಚು ಕೊಡುವ ವ್ಯವಸ್ಥೆಯಲ್ಲೇ ಹೀಗೆ. ಅಂದಮೇಲೆ ದುಡ್ಡಿಲ್ಲದ್ದಕ್ಕೆ ಬರಲಿಲ್ಲ ಎಂಬ ಒಂದೇ ಉತ್ತರ ಸಾಲದು.

ಟೊರಾಂಟೊ ಅಧ್ಯಯನದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ತಲುಪಿದವರು ಯಾರು ಎಂದು ಅದರಲ್ಲಿ ನೋಡಿದ್ದಾರೆ. ಇಂಥ ಕಡೆ ಹೋಗಬೇಕು ಎಂಬ ಸಲಹೆ ಯಾರ ಫೈಲಿನಲ್ಲಿ ಬರಹದಲ್ಲಿ ದಾಖಲಾಗಿತ್ತೋ ಅವರು ಹೆಚ್ಚು ತಲುಪಿದ್ದರು. ಅಪ್ಪ ಅಮ್ಮನ ಜೊತೆಯಿಲ್ಲದೆ ಒಬ್ಬರೇ ಡಾಕ್ಟರ ಬಳಿ ಹೋಗಿ ರೂಢಿಯಿದ್ದವರು ಹೆಚ್ಚು ತಲುಪಿದ್ದರು. ಎರಡೂ ಖರ್ಚಿಲ್ಲದ ಕೆಲಸ. ಒಂದಕ್ಕೆ ಪೆನ್ನು ಸಾಕು, ಇನ್ನೊಂದಕ್ಕೆ "ಅಮ್ಮಾ, ನೀವು ಹತ್ತು ನಿಮಿಷ ಹೊರಗೆ ಕೂತಿರಿ" ಎಂಬ ಒಂದು ಮಾತು.

ಹೃದಯದವರದ್ದು ಮಾತ್ರ ಹೇಳಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಎರಡನೇ ಆಪರೇಷನ್ನಿನ ನಂತರ ಒಂದಷ್ಟು ಮಂದಿಯ ಪರಿಚಯವಾಯಿತು. ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟಿದ ಹುಡುಗನೊಬ್ಬ, ತಲೆಯ ನೀರು ಹೊಟ್ಟೆಗೆ ಇಳಿಯಲು ಶಂಟ್ ನಳಿಕೆ ಇರುವವನು. ಎರಡು ದಿನ ತಲೆನೋವು, ವಾಂತಿ ಎಂದು ತುರ್ತು ವಿಭಾಗಕ್ಕೆ ಹೋದರೆ ಮೈಗ್ರೇನ್ ಮಾತ್ರೆ ಕೊಟ್ಟು ಕಳಿಸಿದ್ದರು. ನಳಿಕೆ ಕಟ್ಟಿಕೊಂಡಾಗ ಆಗುವುದೂ ಅದೇ ತಲೆನೋವು, ವಾಂತಿ. ಇಂಥವರಲ್ಲಿ ಹಲವರು ದಿನಕ್ಕೆ ಕೆಲವು ಸಲ ತಾವೇ ನಳಿಕೆ ಹಾಕಿಕೊಂಡು ಮೂತ್ರಕೋಶ ಖಾಲಿ ಮಾಡಬೇಕು. ಅಭ್ಯಾಸ ತಪ್ಪಿದರೆ ಕೆಡುವುದು ಮೂತ್ರಪಿಂಡ. ಇವನಿಗೆ ಇಪ್ಪತ್ತಾದರೂ ಅಮ್ಮನೇ ಮಾಡುತ್ತಿದ್ದರು. ಯಾಕೆಂದರೆ ಅವನಿಗೆ ಎಂಟು ವರ್ಷವಾಗಿದ್ದಾಗ ಕಲಿಸಿದ್ದು ಅಮ್ಮನಿಗೆ, ಆಮೇಲೆ ಅವನಿಗೆ ಕಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇನ್ನೊಬ್ಬಳಿಗೆ ಹುಟ್ಟಿನಿಂದ ಅಡ್ರೀನಲ್ ಗ್ರಂಥಿಯ ತೊಂದರೆ. ಜೋರು ಜ್ವರ ಬಂದಾಗ ಸ್ಟೀರಾಯ್ಡ್ ಮಾತ್ರೆಯನ್ನು ಎರಡು ಮೂರು ಪಟ್ಟು ಏರಿಸಬೇಕು, ವಾಂತಿಯಾಗುತ್ತಿದ್ದರೆ ಇಂಜೆಕ್ಷನ್ನೇ ಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ. ಆ ಲೆಕ್ಕ ಅವಳ ಅಪ್ಪನ ತಲೆಯಲ್ಲಿತ್ತು. ಅವಳು ಹಾಸ್ಟೆಲಿನಲ್ಲಿದ್ದಳು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನನ್ನ 17 ವರ್ಷದ ಭೇಟಿಗಳಲ್ಲಿ ಯಾರೊಬ್ಬರೂ ಬಸಿರು ಎಂಬ ಪದ ಎತ್ತಲಿಲ್ಲ. ಅಮ್ಮನ ಎದುರಿಗೆ ಎತ್ತುವುದು ಹೇಗೆ ಎಂಬ ಸಂಕೋಚವಿರಬಹುದು. ಆದರೆ ಲೋಹದ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವಳಿಗೆ, ಬಸಿರಿನ ಮೊದಲ ತಿಂಗಳುಗಳಲ್ಲಿ ಆ ಮಾತ್ರೆ ಭ್ರೂಣಕ್ಕೆ ಹಾನಿ ಮಾಡಬಲ್ಲದು, ಹಾಗೆಂದು ತಾನಾಗಿ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದು ಮೊದಲೇ ಗೊತ್ತಿರಬೇಡವೇ? ಕೆಳಗಿನ ಎರಡು ಕೋಣೆಗಳಲ್ಲಿ ಒಂದೇ ಕೆಲಸ ಮಾಡುವ ಹೃದಯಕ್ಕೆ ಫಾಂಟಾನ್ ಎಂಬ ಆಪರೇಷನ್ ಆದವಳು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿರುವವರಿಗೆ ಬಸಿರೇ ಪ್ರಾಣಕ್ಕೆ ಎರವಾಗಬಹುದು. ಮತ್ತೆ ಎಷ್ಟೋ ಮಂದಿಗೆ, ನನ್ನಂಥವರೂ ಸೇರಿ, ಸರಿಯಾದ ನಿಗಾ ಇದ್ದರೆ ಬಸಿರು ಸಲೀಸಾಗಿ ಕಳೆಯುತ್ತದೆ. ಇದನ್ನೂ ಯಾರೂ ಹೇಳುವುದಿಲ್ಲ. ಸುಮ್ಮನೆ ಹೆದರಿಕೊಂಡು ಇಪ್ಪತ್ತು ದಾಟಿದವರನ್ನು ನಾನು ಬಲ್ಲೆ. ಹೇಳದೆ ಉಳಿದ ಮಾತಿನಿಂದ ಎರಡು ಬಗೆಯ ನಷ್ಟವೂ ಆಗುತ್ತದೆ.

ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ನನ್ನ ಕಾಯಿಲೆಯಿದ್ದ ನೀಲಿ ಮಗುವಿಗೆ ಮೊದಲ ಬಾರಿ ಆಪರೇಷನ್ ಆದದ್ದು 1944ರ ನವೆಂಬರಿನಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಯೋಚನೆ ಹೆಲೆನ್ ಟಾಸಿಗ್ ಎಂಬ ಮಕ್ಕಳ ಹೃದಯತಜ್ಞೆಯದು, ಚಾಕು ಹಿಡಿದವರು ಆಲ್ಫ್ರೆಡ್ ಬ್ಲಾಲಾಕ್. ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆ ಹೇಗೆ ಹಾಕಬೇಕೆಂದು ಹೇಳಿಕೊಟ್ಟವರು ವಿವಿಯನ್ ಥಾಮಸ್. ಡಾಕ್ಟರಲ್ಲ, ಪ್ರಯೋಗಾಲಯದ ಸಹಾಯಕ. ಕಪ್ಪು ಜನಾಂಗದವರಾದ್ದರಿಂದ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲು ದಶಕಗಳೇ ಹಿಡಿದವು, ಅದು ಇನ್ನೊಂದು ಪತ್ರದ ವಿಷಯ. ನಾಯಿಗಳ ಮೇಲೆ ಆ ಹೊಲಿಗೆಯನ್ನು ಮತ್ತೆ ಮತ್ತೆ ಹಾಕಿ ಪಳಗಿದ್ದವರು ಥಾಮಸ್. ಗೊತ್ತಿದ್ದವರು, ಕೆಲಸ ಮಾಡಬೇಕಾದವರ ಹೆಗಲ ಹಿಂದೆ ನಿಂತಿದ್ದರು. ಮಕ್ಕಳ ಡಾಕ್ಟರುಗಳೇ, ನಮ್ಮನ್ನು ಹೊಸ ಡಾಕ್ಟರ ಎದುರು ಕೂರಿಸುವಾಗ ಒಂದೇ ಒಂದು ಸಲ ಹಾಗೆ ನಿಲ್ಲಿ ಎಂದು ನಾನು ಕೇಳುತ್ತಿದ್ದೇನೆ.

ಆ ಕಾಲದಲ್ಲಿ ಇಂಥ ಮಕ್ಕಳು ದೊಡ್ಡವರಾಗುತ್ತಾರೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ತೂತು ಮುಚ್ಚಿ, ದಾರಿ ಅಗಲಿಸಿ ಪೂರ್ತಿ ದುರಸ್ತಿ ಮಾಡುವುದು ಶುರುವಾದದ್ದೇ 1954ರಲ್ಲಿ, ಅಮೆರಿಕದ ಸರ್ಜನ್ ಲಿಲ್ಲೆಹೈ ಅವರಿಂದ. ಆ ಮಕ್ಕಳು ಯೌವನಕ್ಕೆ ಕಾಲಿಟ್ಟಾಗ ಅವರಿಗೆಂದೇ ಲಂಡನ್ನಿನಲ್ಲಿ ಜೇನ್ ಸೋಮರ್‌ವಿಲ್ ಎಂಬ ವೈದ್ಯೆ 1975ರಲ್ಲಿ ಪ್ರತ್ಯೇಕ ವಾರ್ಡು ತೆರೆದರು. ಅರ್ಧ ಶತಮಾನ ದಾಟಿತು. ಇಂದು ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಗುವಿಗೆ ಹೃದಯದ ದೋಷವಿರುತ್ತದೆ. ಚಿಕಿತ್ಸೆ ಸರಿಯಾಗಿ ಸಿಗುವ ಕಡೆ ಅವರಲ್ಲಿ ಬಹುತೇಕರು ಬದುಕಿ ಬೆಳೆಯುತ್ತಾರೆ. ನೀವೇ ಬದುಕಿಸಿದ್ದೀರಿ. ಹಾಗಾಗಿ ಇವರು ಅಪರೂಪದವರು, ಇವರಿಗೆಲ್ಲ ಬೇರೆ ವ್ಯವಸ್ಥೆ ಎಲ್ಲಿಂದ ತರುವುದು ಎಂಬ ಮಾತು ಇನ್ನು ನಡೆಯದು.

ಈಗ ನನ್ನ ಬೇಡಿಕೆಗಳು. ದೊಡ್ಡ ಕಟ್ಟಡ ಕೇಳುತ್ತಿಲ್ಲ.

ಮೊದಲನೆಯದು ವಯಸ್ಸಿನ ಬಗ್ಗೆ. ಹದಿನೆಂಟನೇ ಹುಟ್ಟುಹಬ್ಬದಂದು ಹೇಳಬೇಡಿ. ಹನ್ನೆರಡು ಹದಿಮೂರರಲ್ಲೇ ಶುರುಮಾಡಿ. ಇದು ನನ್ನ ಹಟವಲ್ಲ. ಚಿಕಿತ್ಸೆ ಹೇಗಿರಬೇಕೆಂದು ಮಾರ್ಗದರ್ಶನ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ 13–14ರ ಹೊತ್ತಿಗೆ ಯೋಜನೆ ಶುರುವಾಗಬೇಕು ಎನ್ನುತ್ತದೆ. ವರ್ಷಕ್ಕೊಮ್ಮೆಯಾದರೂ ಕೂತು ಪರಿಶೀಲಿಸಬೇಕು, ಕಳಿಸುವ ಮೊದಲೇ ಹೊಸ ಕಡೆಯ ಡಾಕ್ಟರ ಮುಖ ಪರಿಚಯ ಆಗಬೇಕು, ಈ ಹುಡುಗ ಅಥವಾ ಹುಡುಗಿಯ ಹೊಣೆ ಇಂಥವರದ್ದು ಎಂದು ಒಬ್ಬರ ಹೆಸರು ಇರಬೇಕು ಎಂದೂ ಹೇಳುತ್ತದೆ. ಹದಿಮೂರರ ಮಗುವಿಗೆ ಎಲ್ಲ ಅರ್ಥವಾಗುತ್ತದೆ ಎಂದಲ್ಲ. ಆ ವರ್ಷ ಕಾಯಿಲೆಯ ಹೆಸರು ಬಾಯಿಗೆ ಬಂದರೆ ಸಾಕು. ಮರುವರ್ಷ ಮಾತ್ರೆಯ ಹೆಸರು. ಅದರ ಮರುವರ್ಷ ಹತ್ತು ನಿಮಿಷ ಒಬ್ಬರೇ ಡಾಕ್ಟರ ಜೊತೆ. ಜಿರಾಫೆಯ ಮೇಲೆ ಎತ್ತರದ ಗೆರೆ ಎಳೆದ ಹಾಗೆ ಇದಕ್ಕೂ ಒಂದೊಂದು ಗೆರೆ.

ಹತ್ತು ನಿಮಿಷ ಒಬ್ಬರೇ ಕೂರಿಸುವುದಕ್ಕೆ ಅಪ್ಪ ಅಮ್ಮಂದಿರು ಒಪ್ಪುವುದಿಲ್ಲ ಎಂದು ನೀವು ಹೇಳಬಹುದು. ನಿಜ, ನನ್ನ ಅಮ್ಮನೂ ಒಪ್ಪುತ್ತಿರಲಿಲ್ಲ. ಆದರೆ ಅಮ್ಮನಿಗೆ ಕಾರಣ ಹೇಳಬೇಕಾದವರೂ ನೀವೇ. ಹದಿನೆಂಟು ವರ್ಷ ಮಾತ್ರೆ ಎಣಿಸಿಕೊಟ್ಟ ಕೈಗೆ ಇನ್ನು ಸಾಕು ಎಂದು ಒಂದೇ ದಿನ ಹೇಳಿದರೆ ಅದಕ್ಕೂ ನೋವಾಗುತ್ತದೆ. ದೊಡ್ಡವರ ಆಸ್ಪತ್ರೆಯ ಬಾಗಿಲಲ್ಲಿ ಅಮ್ಮನನ್ನು ತಡೆದು ಹೊರಗೆ ಕೂರಿಸಿದ ದಿನ, ನನಗಿಂತ ಹೆಚ್ಚು ಅವಮಾನ ಅವಳಿಗಾಯಿತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಮೊನ್ನೆ ಮೊನ್ನೆ. ಆರು ವರ್ಷ ಅವಳೂ ನನ್ನನ್ನು ಆಸ್ಪತ್ರೆಗೆ ನಡಿ ಎನ್ನದಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಎರಡನೆಯದು ಕಾಗದ. ಫೈಲು ನಿಮ್ಮದೇ ಇರಲಿ. ಅದರ ಸಾರ ನಮ್ಮ ಕೈಯಲ್ಲಿರಲಿ. ಯಾವ ಕಾಯಿಲೆ, ಯಾವ ವರ್ಷ ಯಾವ ಆಪರೇಷನ್, ತೇಪೆ ಎಲ್ಲಿ, ಕವಾಟ ಉಳಿದಿದೆಯೇ ಇಲ್ಲವೇ, ಕೊನೆಯ ಎಕೋ, ಎಂಆರ್‌ಐಯ ಅಳತೆ, ಮಾಮೂಲಿಯಾಗಿ ಇಸಿಜಿ ಹೇಗಿರುತ್ತದೆ ಎಂಬ ಒಂದು ಪ್ರತಿ, ಯಾವ ಔಷಧ ಒಗ್ಗುವುದಿಲ್ಲ, ಹಲ್ಲು ಕೀಳಿಸುವಾಗ ಆ್ಯಂಟಿಬಯಾಟಿಕ್ ಬೇಕೇ ಬೇಡವೇ, ಮುಂದೆ ಏನನ್ನು ಎಷ್ಟು ತಿಂಗಳಿಗೊಮ್ಮೆ ನೋಡಬೇಕು. ಎರಡು ಪುಟಕ್ಕೆ ಮುಗಿಯುತ್ತದೆ. ಆಪರೇಷನ್ ಮಾಡಿದ ಸರ್ಜನ್ ನಿವೃತ್ತರಾಗಿರುತ್ತಾರೆ, ಹಳೆಯ ದಾಖಲೆ ಗೋದಾಮು ಸೇರಿರುತ್ತದೆ. ಹತ್ತು ವರ್ಷದ ನಂತರ ಅದನ್ನು ಹುಡುಕಿ ತರುವ ಪಾಡು ನನಗೆ ಚೆನ್ನಾಗಿ ಗೊತ್ತು. ನನ್ನ ಮೊದಲ ಆಪರೇಷನ್ನಿನ ಟಿಪ್ಪಣಿ ಕೊನೆಗೂ ಸಿಗಲಿಲ್ಲ. ಎರಡನೇ ಸಲ ಎದೆ ತೆರೆದವರು ಒಳಗೆ ಏನಿದೆ ಎಂಬುದನ್ನು ಸ್ಕ್ಯಾನಿನಲ್ಲಿ ಊಹಿಸಿ, ಮಿಕ್ಕಿದ್ದನ್ನು ತೆರೆದ ಮೇಲೆ ನೋಡಿ ತಿಳಿದುಕೊಂಡರು.

ಮೂರನೆಯದು, ನನ್ನ ಇಡೀ ಪತ್ರದ ಹುರುಳು: ಕಳಿಸಿದವರೇ ತಲುಪಿದ್ದನ್ನು ನೋಡಬೇಕು. ಹೊಸ ಕಡೆಯಿಂದ 'ಬಂದರು, ನೋಡಿದೆವು' ಎಂಬ ಉತ್ತರ ಬರುವವರೆಗೆ ಆ ಹೆಸರು ಮಕ್ಕಳ ಆಸ್ಪತ್ರೆಯ ಪಟ್ಟಿಯಿಂದ ಹೋಗಬಾರದು. ಬರಲಿಲ್ಲವೆಂದರೆ ಒಂದು ಫೋನು. ಆಗಲೂ ಬರಲಿಲ್ಲವೆಂದರೆ ಇನ್ನೊಂದು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಜನ ನಾವು ಎಂದು ದಯವಿಟ್ಟು ಹೇಳಬೇಡಿ. ನಾವಿನ್ನೂ ದಾಟಿರಲಿಲ್ಲ, ನಡುನೀರಿನಲ್ಲಿದ್ದೆವು. ಒಂದು ಹಲ್ಲಿನ ಕ್ಲಿನಿಕ್ಕು ಆರು ತಿಂಗಳಿಗೊಮ್ಮೆ ನನಗೆ ಮೆಸೇಜು ಕಳಿಸುತ್ತದೆ. ಹೃದಯಕ್ಕೆ ತೇಪೆ ಹಾಕಿದವರು ಒಮ್ಮೆಯೂ ಕಳಿಸಲಿಲ್ಲ.

ದೊಡ್ಡವರ ಆಸ್ಪತ್ರೆಗಳ ಮುಖ್ಯಸ್ಥರೇ, ನಿಮ್ಮಲ್ಲಿ ಎರಡು ಮಾತು. ತಿಂಗಳಿಗೆ ಒಂದು ದಿನವಾದರೂ ಮಕ್ಕಳ ಡಾಕ್ಟರೂ ನಿಮ್ಮ ಡಾಕ್ಟರೂ ಒಂದೇ ಕೋಣೆಯಲ್ಲಿ ಕೂತು ಹದಿನಾರರಿಂದ ಇಪ್ಪತ್ತೊಂದರವರೆಗಿನವರನ್ನು ನೋಡಲಿ. ಮತ್ತೆ, ಒಮ್ಮೆ ತಪ್ಪಿಸಿಕೊಂಡವರನ್ನು ಬೈಯಬೇಡಿ. ಆ ವಯಸ್ಸಿನಲ್ಲಿ ಎಲ್ಲರೂ ತಮಗೇನೂ ಆಗುವುದಿಲ್ಲ ಎಂದೇ ನಂಬಿರುತ್ತಾರೆ. ಕಾಯಿಲೆ ಇಲ್ಲದವರಿಗೆ ಆ ನಂಬಿಕೆಗೆ ರಿಯಾಯಿತಿ ಇದೆ, ನಮಗಿಲ್ಲ. ಮುಂದಾಲೋಚನೆ ಮಾಡುವ ಮಿದುಳಿನ ಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ ಎಂದು ನಿಮ್ಮ ಪಠ್ಯಪುಸ್ತಕಗಳೇ ಹೇಳುತ್ತವೆಯಲ್ಲ? ಬುದ್ಧಿಬೆಳವಣಿಗೆ ನಿಧಾನವಿರುವವರ ಮಾತಂತೂ ಬೇರೆಯೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವೂ ಇರುತ್ತದೆ. ಅವರ ಅಮ್ಮನನ್ನು ಹೊರಗೆ ಕೂರಿಸುವ ನಿಯಮ ಅಲ್ಲಿ ನಡೆಯುವುದಿಲ್ಲ. ಜೊತೆಗೆ ಯಾರಿರಬೇಕು, ಸಹಿ ಯಾರದ್ದು ಎಂಬುದು ಹದಿನೆಂಟಕ್ಕೆ ಮೊದಲೇ ತೀರ್ಮಾನವಾಗಿರಬೇಕು.

ಜನಜಂಗುಳಿ ಇದೆ, ಒಬ್ಬ ರೋಗಿಗೆ ಐದು ನಿಮಿಷ ಸಿಗುವುದಿಲ್ಲ, ಇದನ್ನೆಲ್ಲ ಮಾಡುವವರು ಯಾರು ಎಂಬ ನಿಮ್ಮ ಉತ್ತರ ನನಗೆ ಕೇಳಿಸುತ್ತಿದೆ. ಡಾಕ್ಟರೇ ಮಾಡಬೇಕಿಲ್ಲ. ನನಗೆ ಕವಾಟ ಹಾಕಿದ ಕಡೆ ಒಬ್ಬ ಸಿಸ್ಟರ್ ಈ ಕೆಲಸ ಮಾಡುತ್ತಾರೆ. ಅವರ ಮೇಜಿನ ಮೇಲೆ ಗೆರೆ ಹಾಕಿದ ಒಂದು ಉದ್ದನೆ ನೋಟ್‌ಬುಕ್, ಹೆಸರು, ಫೋನ್ ನಂಬರ್, ಬರಬೇಕಾದ ತಿಂಗಳು. ಬಂದವರ ಹೆಸರಿನ ಮುಂದೆ ಹಸಿರು ಶಾಯಿಯ ಗುರುತು. ತಿಂಗಳ ಕೊನೆಗೆ ಹಸಿರಿಲ್ಲದ ಹೆಸರುಗಳಿಗೆ ಅವರೇ ಫೋನು ಮಾಡುತ್ತಾರೆ. "ಯಾಕಮ್ಮಾ ಬರಲಿಲ್ಲ?" ಎಂದು ಕೇಳುತ್ತಾರೆ, ಅಷ್ಟೆ. ಕ್ವಿಬೆಕ್‌ನಲ್ಲೇ ನಡೆದ, 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಇಂಥ ವಿಶೇಷ ಕೇಂದ್ರಗಳಿಗೆ ಕಳಿಸಲ್ಪಟ್ಟವರಲ್ಲಿ ಸಾವು ಕಡಿಮೆ ಎಂದು ಕಂಡುಕೊಂಡಿತು. ಆ ನೋಟ್‌ಬುಕ್ಕನ್ನು ನೋಡಿದ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಟೊರಾಂಟೊದ ಅದೇ ಮಕ್ಕಳ ಆಸ್ಪತ್ರೆಯಲ್ಲಿ ಈಗ ಹದಿಹರೆಯದವರಿಗೆ ತಮ್ಮ ಆರೋಗ್ಯವನ್ನು ಮೂರು ವಾಕ್ಯದಲ್ಲಿ ಹೇಳಲು ಕಲಿಸುತ್ತಾರೆ. ಮೊದಲನೆಯದು ತಾನು ಯಾರು, ಕಾಯಿಲೆ ಏನು. ಎರಡನೆಯದು ಈಗಿನ ಚಿಕಿತ್ಸೆ. ಮೂರನೆಯದು ಇವತ್ತು ಕೇಳಬೇಕಾದ ಪ್ರಶ್ನೆ. ನನಗೆ ಯಾರೂ ಕಲಿಸಲಿಲ್ಲ, ಎರಡನೇ ಆಪರೇಷನ್ನಿನ ನಂತರ ಹಾಸಿಗೆಯಲ್ಲಿ ಮಲಗಿಕೊಂಡು ನಾನೇ ಬರೆದು ಬಾಯಿಪಾಠ ಮಾಡಿದೆ. ಸಹಿಯ ಬದಲು ಅವನ್ನೇ ಇಲ್ಲಿ ಇಡುತ್ತಿದ್ದೇನೆ.

ನನಗೆ 27 ವರ್ಷ, ಟೆಟ್ರಾಲಜಿ ಆಫ್ ಫ್ಯಾಲೋ ಇತ್ತು, 14 ತಿಂಗಳಿಗೆ ಪೂರ್ತಿ ದುರಸ್ತಿಯಾಗಿದೆ, 25ಕ್ಕೆ ಶ್ವಾಸಕೋಶದ ಕವಾಟವನ್ನು ಜೈವಿಕ ಕವಾಟದಿಂದ ಬದಲಿಸಿದ್ದಾರೆ.

ವರ್ಷಕ್ಕೊಮ್ಮೆ ಎಕೋ, ಇಸಿಜಿ ಆಗುತ್ತದೆ, ಎದೆಬಡಿತಕ್ಕೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ಹಲ್ಲಿನ ಚಿಕಿತ್ಸೆಗೆ ಮೊದಲು ಆ್ಯಂಟಿಬಯಾಟಿಕ್ ಬೇಕು, ಈ ಕವಾಟವನ್ನೂ ಮುಂದೊಂದು ದಿನ ಬದಲಿಸಬೇಕಾಗುತ್ತದೆ ಎಂದು ನನಗೆ ಗೊತ್ತಿದೆ.

ಇವತ್ತಿನ ನನ್ನ ಪ್ರಶ್ನೆ: ಕಳೆದ ವರ್ಷ ಹದಿನೆಂಟು ತುಂಬಿತೆಂದು ನೀವು ಕಳಿಸಿಕೊಟ್ಟವರಲ್ಲಿ ಎಷ್ಟು ಮಂದಿ ತಲುಪಿದ್ದಾರೆ?

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಹಳೆಯ ರೋಗಿ